ಯಾವ ಗೋಡೆಯ ಕಿಟಕಿಗೆ ಎಷ್ಟು ದುಡ್ಡು

ಮನೆಯ ಕಿಟಕಿಗಳನ್ನು ಬದಲಿಸಲೆಂದು ಮೈಸೂರಿನಲ್ಲೇ ತರಿಸಿಕೊಂಡ ದರಪಟ್ಟಿಗಳಲ್ಲಿ ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ ಸುಮಾರು ಮೂರೂವರೆ ಪಟ್ಟು ಅಂತರವಿತ್ತು. ಗೋಡೆಯೂ ಅದೇ, ಅಳತೆಯೂ ಅದೇ. ಒಟ್ಟು 170 ಚದರಡಿಯಷ್ಟು ಕಿಟಕಿಗೆ ಅಲ್ಯೂಮಿನಿಯಂ ಕೆಲಸದವರು ಚದರಡಿಗೆ 450 ರೂಪಾಯಿ ಹೇಳಿದರು, ಊರಿನಲ್ಲೇ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಜೋಡಿಸಿ ಕೊಡುವವರು 650 ಹೇಳಿದರು, ಹೆಸರಾಂತ ಯುಪಿವಿಸಿ ಕಂಪನಿಯ ಮಳಿಗೆಯವರು ಒಂದು ಪದರದ ಗಾಜಿಗೆ 1,250 ಮತ್ತು ಎರಡು ಪದರದ ಗಾಜಿಗೆ 1,600 ಎಂದು ಬರೆದುಕೊಟ್ಟರು. ಎಲ್ಲದರ ಮೇಲೂ ಶೇ. 18 ಜಿಎಸ್‌ಟಿ ಬೇರೆ. ಹಾಗಾಗಿ ತೊಂಬತ್ತು ಸಾವಿರದಲ್ಲಿ ಮುಗಿಯಬಹುದಾದ ಕೆಲಸ ಮೂರು ಲಕ್ಷ ಇಪ್ಪತ್ತು ಸಾವಿರವನ್ನೂ ಮುಟ್ಟಬಹುದಾಗಿತ್ತು. ಇವು ನಮಗೆ ಕೊಟ್ಟ ದರಗಳೇ ಹೊರತು ಮಾರುಕಟ್ಟೆಯ ದರಗಳೆಂದು ಯಾರೂ ಭಾವಿಸಬಾರದು. ಆದರೆ ಈ ಅಂತರದ ಪ್ರಮಾಣ ಬೇರೆಯವರ ಅನುಭವಕ್ಕೂ ಹೊಂದೀತು ಎಂದುಕೊಂಡಿದ್ದೇನೆ.

ಇಷ್ಟು ಅಂತರ ಕಂಡಾಗ ಮನೆಯಲ್ಲಿ ಸಹಜವಾಗಿಯೇ ಎರಡು ಪಕ್ಷಗಳಾದವು. ಒಮ್ಮೆ ಹಾಕಿಸಿದರೆ ಮತ್ತೆ ಮುಟ್ಟುವಂತಿರಬಾರದು, ಒಳ್ಳೆಯದನ್ನೇ ಹಾಕಿಸೋಣ ಎಂಬುದು ಯಜಮಾನರ ವಾದ. ಕಿಟಕಿಗೆ ಮೂರು ಲಕ್ಷ ಸುರಿಯುವವರು ಉಂಟೇ ಎಂಬುದು ಅತ್ತೆಯವರ ವಾದ. ಎರಡೂ ವಾದಗಳಲ್ಲಿ ಒಂದೇ ಊಹೆ ಅಡಗಿತ್ತು, ಅದೇನೆಂದರೆ ಇಡೀ ಮನೆಗೆ ಒಂದೇ ದರ್ಜೆಯ ಕಿಟಕಿ ಇರಬೇಕು ಎಂಬುದು. ಮಾರುವವರಿಗೂ ಈ ಊಹೆ ಅನುಕೂಲ, ಏಕೆಂದರೆ ಒಟ್ಟು ಚದರಡಿಯನ್ನು ಒಂದು ದರದಿಂದ ಗುಣಿಸಿದರೆ ಅವರ ಕೆಲಸ ಮುಗಿಯಿತು. ಆದರೆ ಪಡುವಣ ಗೋಡೆಯ ಕಿಟಕಿ ಎದುರಿಸುವ ಕಷ್ಟ ಬೇರೆ, ರಸ್ತೆ ಬದಿಯದು ಎದುರಿಸುವ ಕಷ್ಟ ಬೇರೆ, ಸಜ್ಜಾದ ಕೆಳಗೆ ತಣ್ಣಗಿರುವ ಬಡಗು ಕಿಟಕಿಗೆ ಹೇಳಿಕೊಳ್ಳುವಂಥ ಕಷ್ಟವೇ ಇಲ್ಲ. ಗೋಡೆ ಗೋಡೆಗೂ ಬೇರೆಯಾಗಿ ಕೂತು ಲೆಕ್ಕ ಹಾಕಿದ ಮೇಲೆ ನಮ್ಮ ಖರ್ಚು ಎರಡು ಪಕ್ಷಗಳ ನಡುವೆ ಎಲ್ಲೋ ಬಂದು ನಿಂತಿತು, ಮತ್ತು ದುಬಾರಿ ವಸ್ತು ಹೋಗಿ ಕೂತದ್ದು ಮಳಿಗೆಯವರು ಹೇಳಿದ ಜಾಗದಲ್ಲಿ ಅಲ್ಲ.

ಮೊದಲಿಗೆ ಹಳೆಯ ಕಿಟಕಿಗಳ ವಿಚಾರ. ಕುವೆಂಪುನಗರದ ನಮ್ಮ ಮನೆಯನ್ನು ಮಾವನವರು ಎಂಬತ್ತರ ದಶಕದ ನಡುವಿನಲ್ಲಿ ಕಟ್ಟಿಸಿದರು. ಮುಂದಿನ ಹಜಾರಕ್ಕೆ ತೇಗ, ಉಳಿದ ಕೋಣೆಗಳಿಗೆ ಮತ್ತಿ ಮತ್ತು ಹೊನ್ನೆ. ಚೌಕಟ್ಟಿನೊಳಗೆ ನಿಲ್ಲಿಸಿದ ಕಬ್ಬಿಣದ ಸರಳುಗಳು, ಹೊರಕ್ಕೆ ತೆರೆಯುವ ಗಾಜಿನ ಬಾಗಿಲುಗಳು. ಬದಲಿಸಬೇಕೆಂಬ ಮಾತು ಬಂದದ್ದು ಮಳೆಗಾಲದಲ್ಲಿ ಬಾಗಿಲುಗಳು ಉಬ್ಬಿ ಮುಚ್ಚದಿರುವುದು, ಬೇಸಿಗೆಯಲ್ಲಿ ಅವೇ ಬಾಗಿಲುಗಳು ಕುಗ್ಗಿ ಸಂದಿನಲ್ಲಿ ಧೂಳು ನುಗ್ಗುವುದು, ಮತ್ತು ಸೊಳ್ಳೆ ಜಾಲರಿ ಹಾಕಲು ಜಾಗವೇ ಇಲ್ಲದಿರುವುದು ಈ ಮೂರು ಕಾರಣಗಳಿಂದ. ದರಪಟ್ಟಿ ಕೊಟ್ಟವರೆಲ್ಲರೂ ಹಳೆಯ ಚೌಕಟ್ಟು ಕಿತ್ತು ಹೊಸದು ಕೂರಿಸುವುದೊಂದೇ ದಾರಿ ಎಂದರು. ಒಬ್ಬರಂತೂ ಕಿತ್ತ ಮರವನ್ನು ತಾವೇ ಉಚಿತವಾಗಿ ಸಾಗಿಸುವುದಾಗಿ ಉದಾರವಾಗಿ ಹೇಳಿದರು. ನಲವತ್ತು ವರ್ಷ ಒಣಗಿದ ತೇಗಕ್ಕೆ ಹಳೇ ಮರದ ವ್ಯಾಪಾರಿಗಳು ಎಷ್ಟು ಕೊಡುತ್ತಾರೆ ಎಂದು ಬಲ್ಲವರಿಗೆ ಆ ಉದಾರತೆಯ ಬೆಲೆ ತಿಳಿಯುತ್ತದೆ.

ಯಾರ ಮಾತನ್ನೂ ಪೂರ್ತಿ ನಂಬದೆ, ಹಿಂದೆ ನಮ್ಮ ದೇವರ ಮನೆಯ ಬಾಗಿಲು ಮಾಡಿಕೊಟ್ಟಿದ್ದ ಆಚಾರ್ರನ್ನು ಕರೆಸಿದೆವು. ಅವರು ಕಿಟಕಿಯ ಮೇಲ್ಭಾಗವನ್ನು ನೋಡಲೇ ಇಲ್ಲ. ನೇರವಾಗಿ ಕುಕ್ಕರಗಾಲಲ್ಲಿ ಕೂತು, ಚೌಕಟ್ಟಿನ ಕೆಳಪಟ್ಟಿಯ ಎರಡು ಮೂಲೆಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒತ್ತುತ್ತ ಬಂದರು. ತೇಗದಲ್ಲಿ ತುದಿ ಗೀರು ಬಿಟ್ಟು ಜಾರಿತು; ಹಿಂದಿನ ಕೋಣೆಯೊಂದರಲ್ಲಿ ಬಣ್ಣದ ಪದರದ ಹಿಂದೆ ಅರ್ಧ ಬೆರಳಿನಷ್ಟು ಒಳಗೆ ಹೋಯಿತು, ಹೊರಗೆಳೆದಾಗ ತುದಿಗೆ ಕಂದು ಪುಡಿ ಮೆತ್ತಿಕೊಂಡಿತ್ತು. "ಅಮ್ಮಾ, ಗೆದ್ದಲಲ್ಲ ಇದು, ನೀರು. ಮೇಲ್ಗಡೆ ಮರಕ್ಕೇನೂ ಆಗಿಲ್ಲ, ಕೆಳಗಡೆ ಮಾತ್ರ ಹೋಗಿದೆ" ಎಂದರು. ಕಿಟಕಿಯ ಹೊರಗಟ್ಟೆ ಒಳಗಡೆಗೆ ವಾಲಿದ್ದರಿಂದ ಎರಚಲು ನೀರು ಪ್ರತಿ ಮಳೆಗೂ ಚೌಕಟ್ಟಿನ ಬುಡದಲ್ಲಿ ನಿಲ್ಲುತ್ತಿತ್ತು. ಅದೇ ಜಾಗದಲ್ಲಿ ಎಂಥ ದುಬಾರಿ ಕಿಟಕಿ ಕೂರಿಸಿದ್ದರೂ ನೀರು ಒಳಕ್ಕೇ ಬರುತ್ತಿತ್ತು. ಹೊರಗಟ್ಟೆಯನ್ನು ಹೊರಕ್ಕೆ ಇಳಿಜಾರು ಮಾಡಿ ಗಾರೆ ಹಾಕುವುದು, ಸಜ್ಜಾದ ಅಡಿಯಲ್ಲಿ ನೀರು ಗೋಡೆಗೆ ಹರಿಯದಂತೆ ಒಂದು ಗೀರು ತೆಗೆಯುವುದು, ಇವೆರಡೂ ಒಂದು ದಿನದ ಗಾರೆ ಕೆಲಸ. ಯಾವ ದರಪಟ್ಟಿಯಲ್ಲೂ ಇವುಗಳ ಪ್ರಸ್ತಾಪ ಇರಲಿಲ್ಲ.

ಹಜಾರದ ತೇಗದ ಕಿಟಕಿಗಳನ್ನು ಹಾಗಾಗಿ ಉಳಿಸಿಕೊಂಡೆವು. ಬಾಗಿಲಿನ ಅಂಚನ್ನು ತೋಪಡಾ ಹಿಡಿದು ಸರಿಮಾಡಿ, ಒಡೆದ ಪುಟ್ಟಿ ಕಿತ್ತು ಗಾಜನ್ನು ಹೊಸದಾಗಿ ಕೂರಿಸಿ, ಚೌಕಟ್ಟಿನ ಒಳ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ಧೂಳು ಬಹುಮಟ್ಟಿಗೆ ನಿಂತಿತು. ಮರ ಉಬ್ಬುವುದು ಹೆಚ್ಚಾಗಿ ಅದರ ಅಡ್ಡಕಡಿತದ ತುದಿಗಳು ತೇವ ಹೀರುವುದರಿಂದ. ಬಾಗಿಲಿನ ಮೇಲಂಚಿಗೂ ಕೆಳಂಚಿಗೂ ಬಣ್ಣ ಬಳಿಯದೆ ಕಣ್ಣಿಗೆ ಕಾಣುವ ಎರಡು ಮುಖಗಳಿಗೆ ಮಾತ್ರ ಬಳಿಯುವ ವಾಡಿಕೆಯೇ ಅರ್ಧ ತೊಂದರೆಗೆ ಮೂಲ ಎಂದು ಆಚಾರ್ರು ಹೇಳಿದ್ದನ್ನು ಇಲ್ಲಿ ದಾಖಲಿಸಬೇಕು. ಅವರ ಕೂಲಿ ಮತ್ತು ಸಾಮಾನು ಸೇರಿ ಅತ್ಯಂತ ಅಗ್ಗದ ಅಲ್ಯೂಮಿನಿಯಂಗಿಂತಲೂ ಕಡಿಮೆಯಾಯಿತು.

ಈಗ ಬಿಸಿಲಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಎರಡು ಪದರದ ಗಾಜನ್ನು ಮಾರುವವರು ಮೊದಲು ಹಿಡಿಯುವುದು ಇದನ್ನೇ. "ಮನೆ ತಂಪಾಗಿರುತ್ತೆ, ಕರೆಂಟ್ ಬಿಲ್ ಕಮ್ಮಿಯಾಗುತ್ತೆ" ಎಂದು ಮಳಿಗೆಯಲ್ಲಿ ಒಂದು ಬಲ್ಬಿನ ಮುಂದೆ ಗಾಜನ್ನು ಹಿಡಿದು ತೋರಿಸಿದರು. ಎರಡು ಗಾಜುಗಳ ನಡುವೆ ಗಾಳಿಯನ್ನು ಬಂಧಿಸಿಡುವ ಈ ತಂತ್ರ ಬೆಳೆದದ್ದು ಹೊರಗೆ ಹಿಮ ಬಿದ್ದು ಒಳಗೆ ಹೀಟರ್ ಉರಿಯುವ ನಾಡುಗಳಿಗಾಗಿ. ಅಲ್ಲಿ ಒಳಗೂ ಹೊರಗೂ ಇಪ್ಪತ್ತು, ಮೂವತ್ತು ಡಿಗ್ರಿ ವ್ಯತ್ಯಾಸ ತಿಂಗಳುಗಟ್ಟಲೆ ಇರುತ್ತದೆ. ಗಾಜಿನ ಮೂಲಕ ಸೋರುವ ಶಾಖ ಆ ವ್ಯತ್ಯಾಸಕ್ಕೆ ತಕ್ಕಂತೆ ಹೆಚ್ಚುತ್ತದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿಯ ಆಸುಪಾಸು ಇದ್ದಾಗ, ಏಸಿ ಇಲ್ಲದ ಮನೆಯ ಒಳಗೆ ಮೂವತ್ತೋ ಮೂವತ್ತೊಂದೋ ಇರುತ್ತದೆ. ವ್ಯತ್ಯಾಸವೇ ಐದು ಡಿಗ್ರಿ.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕಡಿಗೆ ನಾಲ್ಕಡಿ ಕಿಟಕಿಯೆಂದರೆ ಸರಿಸುಮಾರು ಒಂದೂವರೆ ಚದರ ಮೀಟರ್. ಒಂದು ಪದರದ ಗಾಜು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 5.7 ವ್ಯಾಟಿನಷ್ಟು ಶಾಖವನ್ನು ದಾಟಿಸುತ್ತದೆ. ಸಾದಾ ಎರಡು ಪದರದ್ದು 2.8ರಷ್ಟು. ಐದು ಡಿಗ್ರಿಗೆ ಇವು ಕ್ರಮವಾಗಿ 43 ಮತ್ತು 21 ವ್ಯಾಟ್ ಆದವು, ಅಂದರೆ ಉಳಿತಾಯ 22 ವ್ಯಾಟ್. ಇದೇ ಕಿಟಕಿ ಪಡುವಣ ಗೋಡೆಯಲ್ಲಿದ್ದು ಸಂಜೆ ನಾಲ್ಕರ ಬಿಸಿಲು ನೇರವಾಗಿ ಬಿದ್ದರೆ, ಚದರ ಮೀಟರಿಗೆ 500 ವ್ಯಾಟ್ ಎಂದು ಕಡಿಮೆಯೇ ಹಿಡಿದರೂ 750 ವ್ಯಾಟ್ ಗಾಜಿಗೆ ಬಡಿಯುತ್ತದೆ. ಒಂದು ಪದರದ ಸಾದಾ ಗಾಜು ಅದರಲ್ಲಿ ಶೇ. 80ಕ್ಕೂ ಹೆಚ್ಚನ್ನು ಒಳಗೆ ಬಿಡುತ್ತದೆ, ಸಾದಾ ಗಾಜನ್ನೇ ಎರಡು ಪದರ ಮಾಡಿದರೂ ಶೇ. 70ಕ್ಕಿಂತ ಕೆಳಗಿಳಿಯುವುದು ಕಷ್ಟ. ಹಾಗಾಗಿ ಎರಡು ಪದರದ ದುಬಾರಿ ಕಿಟಕಿಯ ಹಿಂದೆಯೂ ಐನೂರು ವ್ಯಾಟಿನ ಹೀಟರೊಂದು ಉರಿಯುತ್ತಿರುವಂತೆಯೇ ಆಯಿತು. ಬಿಸಿಲನ್ನು ತಡೆಯುವ ಲೇಪನವಿರುವ ಗಾಜುಗಳು ಇವೆ, ಅವು ನಿಜವಾಗಿ ಕೆಲಸ ಮಾಡುತ್ತವೆ, ಆದರೆ ಅವುಗಳ ದರ ಇನ್ನೂ ಮೇಲಿನದು ಮತ್ತು ಕಿಟಕಿ ತೆರೆದ ಕೂಡಲೇ ಅವುಗಳ ಉಪಯೋಗವೂ ಮುಗಿಯುತ್ತದೆ. ನಮ್ಮಲ್ಲಿ ಬೇಸಿಗೆಯ ಸಂಜೆ ಕಿಟಕಿ ಮುಚ್ಚಿ ಕೂರುವವರು ಯಾರು?

ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯಬೇಕು. ಪಡುವಣ ಕಿಟಕಿಗಳ ಹೊರಗೆ ಬಿದಿರಿನ ಪರದೆ ಇಳಿಬಿಟ್ಟೆವು. ಮೂರು ಗಂಟೆಗೆ ಇಳಿಸುವುದು, ಸೂರ್ಯ ಮುಳುಗಿದ ಮೇಲೆ ಸುತ್ತಿಡುವುದು. ಪರದೆ ಒಳಗಿದ್ದರೆ ಇಷ್ಟು ಪ್ರಯೋಜನವಿಲ್ಲ, ಏಕೆಂದರೆ ಗಾಜು ದಾಟಿ ಬಂದ ಶಾಖ ಬಟ್ಟೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ತೆಂಕಣ ಗೋಡೆಯ ಕತೆ ಬೇರೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೇ ವಾರ ಕಳೆದ ಮೇಲೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಹಾಗಾಗಿ ಕಡುಬೇಸಿಗೆಯಲ್ಲಿ ಎರಡಡಿ ಸಜ್ಜಾ ಒಂದೇ ತೆಂಕಣ ಕಿಟಕಿಯನ್ನು ಪೂರ್ತಿ ಕಾಯುತ್ತದೆ. ಡಿಸೆಂಬರಿನಲ್ಲಿ ಮಾತ್ರ ಸೂರ್ಯ ಓರೆಯಾಗಿ ಕೆಳಭಾಗಕ್ಕೆ ಇಣುಕುತ್ತಾನೆ, ಆ ಹೊತ್ತಿಗೆ ಬಿಸಿಲು ಹಿತವಾಗಿಯೇ ಇರುತ್ತದೆ. ಪಡುವಣದಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಸಜ್ಜಾ ಎಷ್ಟು ಉದ್ದವಿದ್ದರೂ ಸೋಲುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಶಾಖ ಒಯ್ಯುತ್ತದೆ ಎಂಬ ದೂರೂ ಇದೇ ಜಾತಿಯದು. ಯುಪಿವಿಸಿಗಿಂತ ಅದು ಸಾವಿರ ಪಟ್ಟು ಹೆಚ್ಚು ಶಾಖವಾಹಕ ಎಂಬುದು ನಿಜ, ಚಳಿನಾಡುಗಳಲ್ಲಿ ಅದರ ಒಳಮುಖದ ಮೇಲೆ ನೀರು ಹನಿಗಟ್ಟುವುದೂ ನಿಜ; ಒಳಗೂ ಹೊರಗೂ ಐದು ಡಿಗ್ರಿ ಅಂತರದ ನಮ್ಮೂರಿನಲ್ಲಿ ಎರಡಂಗುಲದ ಚೌಕಟ್ಟಿನಿಂದ ಆಗುವ ವ್ಯತ್ಯಾಸ ಗಮನಕ್ಕೆ ಬರುವಂಥದ್ದಲ್ಲ. ಪ್ರತಿ ಕೋಣೆಯಲ್ಲೂ ಏಸಿ ಓಡುವ ಮನೆಯಾದರೆ ಲೆಕ್ಕ ಬದಲಾಗುತ್ತದೆ, ಅಂಥವರು ದುಬಾರಿ ಗಾಜಿನ ಬಗ್ಗೆ ಗಂಭೀರವಾಗಿ ಯೋಚಿಸಬಹುದು.

ದುಬಾರಿ ಕಿಟಕಿಗೆ ನಾನು ಮನಸಾರೆ ದುಡ್ಡು ಕೊಟ್ಟದ್ದು ಸದ್ದಿನ ಕಾರಣಕ್ಕೆ. ನಮ್ಮ ಮುಂದಿನ ಮಲಗುವ ಕೋಣೆ ಡಬಲ್ ರೋಡಿನ ಕಡೆಗಿದೆ. ನಸುಕಿನ ಬಸ್ಸುಗಳು, ರಾತ್ರಿ ಹನ್ನೊಂದರ ಬೈಕುಗಳು, ಅತ್ತೆಯವರ ನಿದ್ದೆಯಂತೂ ಯಾವಾಗಲೂ ತೆಳು. ಸದ್ದು ಗಾಜಿನ ಮೂಲಕ ಬರುವುದಕ್ಕಿಂತ ಮೊದಲು ಸಂದುಗಳ ಮೂಲಕ ಬರುತ್ತದೆ. ಸ್ಲೈಡಿಂಗ್ ಕಿಟಕಿಯ ಬಾಗಿಲುಗಳು ಟ್ರ್ಯಾಕಿನ ಮೇಲೆ ಜಾರಬೇಕಾದ್ದರಿಂದ ಅಂಚಿಗೆ ನೂಲಿನ ಬ್ರಶ್ ಮಾತ್ರ ಇರುತ್ತದೆ. ಅದು ಧೂಳನ್ನು ತಕ್ಕಮಟ್ಟಿಗೆ ತಡೆದೀತು, ಸದ್ದನ್ನು ಅಷ್ಟಾಗಿ ತಡೆಯದು. ಬಾಗಿಲಿನಂತೆ ತೆರೆಯುವ ಕೇಸ್‌ಮೆಂಟ್ ಕಿಟಕಿಯಲ್ಲಿ ಹಿಡಿಕೆ ತಿರುಗಿಸಿದರೆ ಮೇಲೆ, ಕೆಳಗೆ, ನಡುವೆ ಹೀಗೆ ಹಲವು ಕಡೆ ಕೊಂಡಿಗಳು ಕಚ್ಚಿ, ಬಾಗಿಲನ್ನು ರಬ್ಬರ್ ಗ್ಯಾಸ್ಕೆಟ್ಟಿನ ಮೇಲೆ ಸುತ್ತಲೂ ಒತ್ತಿ ಹಿಡಿಯುತ್ತವೆ. ಗಾಜಿನ ವಿಷಯದಲ್ಲೂ ಮಳಿಗೆಯವರ ಸಲಹೆಗೆ ವಿರುದ್ಧವಾಗಿ ಹೋದೆವು. ಒಂದೇ ದಪ್ಪದ ಎರಡು ತೆಳು ಗಾಜುಗಳನ್ನು ಕಿರಿದಾದ ಗಾಳಿಸಂದಿನೊಂದಿಗೆ ಜೋಡಿಸಿದರೆ ಬಸ್ಸಿನ ಎಂಜಿನ್ನಿನಂಥ ತಗ್ಗು ಸ್ವರದ ಸದ್ದಿಗೆ ಅವೆರಡೂ ಕೂಡಿ ಕಂಪಿಸುವುದರಿಂದ ನಿರೀಕ್ಷಿಸಿದಷ್ಟು ಲಾಭವಿಲ್ಲ. ಅದರ ಬದಲು ಮೂರು ಮಿಲಿಮೀಟರಿನ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಪದರವನ್ನು ಅಂಟಿಸಿದ 6.38 ಮಿಲಿಮೀಟರಿನ ಲ್ಯಾಮಿನೇಟೆಡ್ ಗಾಜು ಆ ಕಂಪನವನ್ನು ನುಂಗಿಕೊಳ್ಳುತ್ತದೆ. ಸದ್ದು ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಅರ್ಧವಾದಂತೆ ಕೇಳಿಸುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನಮಗೆ ಹಾರ್ನು ಈಗಲೂ ಕೇಳಿಸುತ್ತದೆ, ಎಂಜಿನ್ನಿನ ಗುಡುಗು ಇಲ್ಲ. ಒಡೆದರೂ ಚೂರುಗಳು ನಡುವಿನ ಪದರಕ್ಕೇ ಅಂಟಿಕೊಂಡು ನಿಲ್ಲುವುದು ಇನ್ನೊಂದು ಅನುಕೂಲ.

ಕೇಸ್‌ಮೆಂಟಿಗೂ ಸ್ಲೈಡಿಂಗಿಗೂ ಇರುವ ಇನ್ನೊಂದು ವ್ಯತ್ಯಾಸ ಗಾಳಿಯದು, ಮತ್ತು ಇದು ನನಗೆ ಸದ್ದಿಗಿಂತಲೂ ಮುಖ್ಯವೆನಿಸಿತು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತಾ ಎಂಬ ವಸತಿ ಕಟ್ಟಡಗಳ ಸಂಹಿತೆ ದೊಡ್ಡ ನಿವೇಶನಗಳಿಗೆ ಅನ್ವಯಿಸುವಂಥದ್ದಾದರೂ, ಅದರಲ್ಲಿರುವ ಒಂದು ಲೆಕ್ಕ ಸಣ್ಣ ಮನೆಯವರಿಗೂ ಉಪಯುಕ್ತ. ಅದರ ಪ್ರಕಾರ ಕೇಸ್‌ಮೆಂಟ್ ಕಿಟಕಿಯ ವಿಸ್ತೀರ್ಣದಲ್ಲಿ ಶೇ. 90ರಷ್ಟನ್ನು ತೆರೆಯಬಹುದು, ಎರಡು ಬಾಗಿಲಿನ ಸ್ಲೈಡಿಂಗಿನಲ್ಲಿ ಶೇ. 50ರಷ್ಟನ್ನು ಮಾತ್ರ. ಹದಿನಾರು ಚದರಡಿಯ ಕಿಟಕಿಯಲ್ಲಿ ಹದಿನಾಲ್ಕು ಚದರಡಿ ಗಾಳಿಯೋ, ಎಂಟು ಚದರಡಿ ಗಾಳಿಯೋ ಎಂಬ ಪ್ರಶ್ನೆ ಇದು. ಹಳೆಯ ಮರದ ಕಿಟಕಿಯನ್ನು ಕಿತ್ತು ಸ್ಲೈಡಿಂಗ್ ಹಾಕಿಸಿಕೊಂಡು ಮನೆ ಯಾಕೋ ಬಿಸಿಯಾಯಿತು ಎಂದು ದೂರುವ ನೆರೆಯವರನ್ನು ಕಂಡಿದ್ದೇನೆ. ಹಳೆಯ ಚೌಕಟ್ಟನ್ನು ಉಳಿಸಿ ಅದರೊಳಗೇ ಹೊಸ ಚೌಕಟ್ಟು ಕೂರಿಸಿದರೆ ನಾಲ್ಕೂ ಬದಿಯಲ್ಲಿ ಎರಡೆರಡು ಅಂಗುಲ ಕಳೆದು, ತೆರೆಯುವ ಜಾಗ ಇನ್ನೂ ಕುಗ್ಗುತ್ತದೆ.

ಇಷ್ಟಿದ್ದೂ ನಮ್ಮ ಕಡೆ ಎಲ್ಲರೂ ಸ್ಲೈಡಿಂಗನ್ನೇ ಹಾಕಿಸುವುದಕ್ಕೆ ಕಾರಣ ಗ್ರಿಲ್ಲು. ಒಳಗಡೆ ಗ್ರಿಲ್ಲಿದ್ದರೆ ಹೊರಕ್ಕೆ ತೆರೆಯುವ ಬಾಗಿಲನ್ನು ಕೈ ತೂರಿಸಿ ಎಳೆಯಬೇಕು. ಗ್ರಿಲ್ಲನ್ನು ಹೊರಗೆ ಹಾಕಿದರೆ ಬಾಗಿಲು ಒಳಕ್ಕೆ ತೆರೆಯಬೇಕು, ಆಗ ಪರದೆಗೂ ಮಂಚಕ್ಕೂ ತಗಲುತ್ತದೆ. ಸೊಳ್ಳೆ ಜಾಲರಿ ಎಲ್ಲಿ ಕೂರಬೇಕೆಂಬುದೂ ಇದರೊಂದಿಗೇ ತೀರ್ಮಾನವಾಗಬೇಕು. ಮೂರು ಟ್ರ್ಯಾಕಿನ ಸ್ಲೈಡಿಂಗಿನಲ್ಲಿ ಎರಡು ಗಾಜು, ಒಂದು ಜಾಲರಿ ಎಂದು ಎಲ್ಲವೂ ಸುಲಭವಾಗಿ ಹೊಂದಿಕೊಳ್ಳುತ್ತದೆ. ಮಂಡ್ಯದಲ್ಲಿ ಗದ್ದೆ ಬಯಲಿಗೆ ಹತ್ತಿರವಿರುವ ನನ್ನ ತಂಗಿಯ ಮನೆಯಲ್ಲಿ ಜಾಲರಿಯಿಲ್ಲದ ಕಿಟಕಿಯನ್ನು ಸಂಜೆ ಆರರ ಮೇಲೆ ತೆರೆಯುವ ಪ್ರಶ್ನೆಯೇ ಇಲ್ಲ. ಕಬ್ಬಿನ ತರಗು ಸುಡುವ ದಿನಗಳಲ್ಲಿ ಹಾರಿಬರುವ ಕರಿಬೂದಿ ಬೇರೆ. ಆಕೆಗೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯೇ ಎಲ್ಲಕ್ಕಿಂತ ಮುಖ್ಯ, ಕಿಟಕಿ ಯಾವುದಾದರೂ ಆದೀತು. ನಾವು ಮುಂದಿನ ಕೋಣೆಯಲ್ಲಿ ಹಳೆಯ ಸರಳುಗಳನ್ನು ತೆಗೆಸಿ ಹೊರಗಡೆ ಗ್ರಿಲ್ ಹಾಕಿಸಿ, ಒಳಕ್ಕೆ ತೆರೆಯುವ ಕೇಸ್‌ಮೆಂಟಿಗೆ ಒಪ್ಪಿಕೊಂಡೆವು. ಗ್ರಿಲ್ಲಿನ ಖರ್ಚು ಕಿಟಕಿಯ ದರಪಟ್ಟಿಯಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಊರಿನಲ್ಲಿ ಜೋಡಿಸುವ ಅಗ್ಗದ ಯುಪಿವಿಸಿಯ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು. ಯುಪಿವಿಸಿ ತನ್ನಷ್ಟಕ್ಕೆ ಬಾಗುವ ವಸ್ತು. ಅದಕ್ಕೆ ಬಿಗಿ ಬರುವುದು ಟೊಳ್ಳಿನೊಳಗೆ ತೂರಿಸುವ ತುಕ್ಕುನಿರೋಧಕ ಉಕ್ಕಿನ ಪಟ್ಟಿಯಿಂದ. ಬಿಸಿಲಿಗೆ ಅದು ಹಳದಿಯಾಗದಂತೆ, ಪುಡಿಯಾಗದಂತೆ ಕಾಯುವುದು ಅದರಲ್ಲಿ ಬೆರೆಸುವ ಟೈಟಾನಿಯಂ ಡೈಆಕ್ಸೈಡ್. ಬೆಲೆ ಇಳಿಸಬೇಕಾದವರು ಉಕ್ಕನ್ನು ತೆಳುವಾಗಿಸುತ್ತಾರೆ, ಟೈಟಾನಿಯಂ ಕಡಿಮೆ ಮಾಡಿ ಸುಣ್ಣಕಲ್ಲಿನ ಪುಡಿಯನ್ನು ಹೆಚ್ಚಿಸುತ್ತಾರೆ, ಮತ್ತು ಇವೆರಡೂ ಕೊಳ್ಳುವ ದಿನ ಕಣ್ಣಿಗೆ ಕಾಣುವುದಿಲ್ಲ. ಒಂದು ಅಂಗಡಿಯಲ್ಲಿ ಕೌಂಟರಿನ ಮೇಲೆ ಮಾದರಿಯ ಮೂಲೆತುಂಡೊಂದನ್ನು ಇಟ್ಟಿದ್ದರು. ಕತ್ತರಿಸಿದ ಬಾಯಿಯಲ್ಲಿ ಬಿಳಿ ಗೂಡುಗಳ ನಡುವೆ ದಪ್ಪ ಉಕ್ಕು ಹೊಳೆಯುತ್ತಿತ್ತು. ಎತ್ತಿ ಓರೆ ಮಾಡಿದಾಗ ಆ ಉಕ್ಕು ಜಾರಿ ಕೌಂಟರಿನ ಮೇಲೆ ಬಿತ್ತು, ಉದ್ದ ನನ್ನ ಕಿರುಬೆರಳಿನಷ್ಟು. "ಅದು ತೋರ್ಸಕ್ಕೆ ಅಂತ ಇಟ್ಟಿರೋದು ಮೇಡಂ, ಕಿಟಕಿಗೆ ಫುಲ್ ಹಾಕ್ತೀವಿ" ಎಂದು ಅಂಗಡಿಯವರು ನಕ್ಕರು. ಹಾಕುವುದಿರಬಹುದು, ಆದರೆ ಉಕ್ಕಿನ ದಪ್ಪ ಎಷ್ಟು, ಯಾವ ಯಾವ ಬದಿಗೆ ಹಾಕುತ್ತೀರಿ ಎಂದು ದರಪಟ್ಟಿಯಲ್ಲೇ ಬರೆದುಕೊಡಿ ಎಂದಾಗ ಅವರು ಬರೆಯಲು ಒಪ್ಪಲಿಲ್ಲ. ಹೆಸರಾಂತ ಕಂಪನಿಯ 1,250 ರೂಪಾಯಿಯಲ್ಲಿ ಒಂದು ಭಾಗ ಜಾಹೀರಾತಿಗೆ ಹೋಗುತ್ತದೆಂಬುದು ಸರಿ, ಆದರೆ ಕಾಣದ ಉಕ್ಕು ಇದ್ದೇ ಇರುತ್ತದೆ ಎಂಬ ಭರವಸೆಗೂ ಅದರಲ್ಲೊಂದು ಪಾಲಿದೆ. ಹಾಗಾಗಿ ಯುಪಿವಿಸಿ ಬೇಕೆಂದಾದರೆ ಒಳ್ಳೆಯದನ್ನೇ ತೆಗೆದುಕೊಳ್ಳಬೇಕು, ದುಡ್ಡು ಉಳಿಸಬೇಕೆಂದಾದರೆ ಅಗ್ಗದ ಯುಪಿವಿಸಿಗಿಂತ ಸಾಧಾರಣ ಅಲ್ಯೂಮಿನಿಯಂ ವಾಸಿ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಅಲ್ಯೂಮಿನಿಯಂನಲ್ಲಿ ಮೋಸಕ್ಕೆ ಅಷ್ಟು ಎಡೆಯಿಲ್ಲ. ಪಟ್ಟಿಯ ದಪ್ಪವನ್ನು ಅಳತೆ ಮಾಡಿ ನೋಡಬಹುದು, ತೂಕ ಹಾಕಬಹುದು. ಒಂದು ಮಿಲಿಮೀಟರಿಗಿಂತ ತೆಳುವಿದ್ದರೆ ಬೇಡ, ಮೇಲಿನ ಪುಡಿಬಣ್ಣದ ಲೇಪ (ಪೌಡರ್ ಕೋಟಿಂಗ್) ಅರವತ್ತು ಮೈಕ್ರಾನ್ ಇರಲಿ. ಅಡುಗೆಮನೆಗೂ ಹಿಂದಿನ ಬಚ್ಚಲು ಬದಿಗೂ ನಾವು ಹಾಕಿಸಿದ್ದು ಇದನ್ನೇ, ಒಗ್ಗರಣೆಯ ಜಿಡ್ಡನ್ನು ಸೋಪಿನ ನೀರಿನಲ್ಲಿ ಒರೆಸಿದರೆ ಹೋಗುತ್ತದೆ.

ದುಡ್ಡು ಉಳಿಸಲೇಬಾರದ ಜಾಗವೆಂದರೆ ಚಲಿಸುವ ಭಾಗಗಳು. ಕಿಟಕಿ ಹಾಳಾಯಿತು ಎಂದು ಜನ ಹೇಳುವಾಗ ಸಾಮಾನ್ಯವಾಗಿ ಹಾಳಾಗಿರುವುದು ರೋಲರ್, ಹಿಡಿಕೆ ಅಥವಾ ಹಿಂಜ್. ನೈಲಾನ್ ಚಕ್ರ ಮೈಸೂರಿನ ಧೂಳಿನಲ್ಲಿ ಬೇಗ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ಬಾಗಿಲನ್ನು ಎರಡು ಕೈಯಲ್ಲಿ ಎಳೆಯಬೇಕು. ಮಣಿಕಟ್ಟು ನೋವಿರುವ ಅತ್ತೆಯವರು ದಿನ ಬೆಳಗಾದರೆ ಮನೆಯ ಅಷ್ಟೂ ಕಿಟಕಿಗಳನ್ನು ತಾವೇ ತೆರೆಯುವವರು. ಅವರನ್ನೇ ಮಳಿಗೆಗೆ ಕರೆದೊಯ್ದು ಒಂದೊಂದನ್ನೂ ಜಾರಿಸಿ ನೋಡಲು ಹೇಳಿದೆವು. ಸ್ಟೀಲಿನ ಬೇರಿಂಗ್ ಇರುವ ರೋಲರಿಗೆ ಕಿಟಕಿಯೊಂದಕ್ಕೆ ಕೆಲವು ನೂರು ರೂಪಾಯಿ ಹೆಚ್ಚಾಗುತ್ತದೆ, ಅಗ್ಗದ ಅಲ್ಯೂಮಿನಿಯಂ ಕಿಟಕಿಗೂ ಅದನ್ನು ಕೇಳಿ ಹಾಕಿಸಿಕೊಳ್ಳಬಹುದು. ಖಾತರಿಪತ್ರದಲ್ಲೂ ಇದೇ ಮರ್ಮ: ಪ್ರೊಫೈಲಿಗೆ (ಚೌಕಟ್ಟಿನ ಪಟ್ಟಿಗೆ) ಹತ್ತು ವರ್ಷ ಎಂದು ದೊಡ್ಡಕ್ಷರದಲ್ಲಿದ್ದರೆ, ಹಾರ್ಡ್‌ವೇರಿಗೆ ಒಂದೆರಡು ವರ್ಷ ಎಂದು ಸಣ್ಣಕ್ಷರದಲ್ಲಿರುತ್ತದೆ. ಎರಡು ಪದರದ ಗಾಜಿನ ಅಂಚುಬಂಧ ಬಿಟ್ಟು ಒಳಗೆ ತೇವ ಸೇರಿಕೊಂಡರೆ ಮಸುಕನ್ನು ಒರೆಸಲು ಬರುವುದಿಲ್ಲ, ಇಡೀ ಗಾಜನ್ನೇ ಬದಲಿಸಬೇಕು, ಆದ್ದರಿಂದ ಅದರ ಖಾತರಿ ಎಷ್ಟು ವರ್ಷವೆಂದು ಬೇರೆಯಾಗಿ ಕೇಳಬೇಕು. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಎಂದು ದರ ಹಿಡಿದಿದ್ದರೆ ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇದೆಯೇ ನೋಡಿ. ಐಎಸ್ 2553 ಎಂಬುದು ಅದರ ಭಾರತೀಯ ಮಾನಕದ ಸಂಖ್ಯೆ. ಗಟ್ಟಿ ಮಾಡಿದ ಮೇಲೆ ಅದನ್ನು ಕತ್ತರಿಸಲು ಆಗುವುದಿಲ್ಲವಾದ್ದರಿಂದ, ಮನೆಗೆ ಬಂದು ಅಂಚು ಕತ್ತರಿಸಿ ಕೂರಿಸುವವರು ತಂದದ್ದು ಖಂಡಿತ ಟಫನ್ಡ್ ಗಾಜಲ್ಲ.

ಕೂರಿಸುವ ಕೆಲಸದ ಬಗ್ಗೆ ಇಷ್ಟೇ ಹೇಳುತ್ತೇನೆ. ಹಳೆಯ ಗೋಡೆಗಳ ಕಿಂಡಿ ಎಂದೂ ಸರಿಯಾದ ಚೌಕವಲ್ಲ. ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು ಕಡಿಮೆಯದನ್ನು ಹಿಡಿಯಬೇಕು, ಮೂಲೆಯಿಂದ ಮೂಲೆಗೂ ಅಳೆಯಬೇಕು. ಒಂದೇ ಕಡೆ ಟೇಪು ಹಿಡಿದು ಬರೆದುಕೊಂಡು ಹೊರಟವರನ್ನು ನಾವು ಮತ್ತೆ ಕರೆಯಲಿಲ್ಲ. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, ಐದಡಿಯ ಪಟ್ಟಿ ಇಪ್ಪತ್ತೈದು ಡಿಗ್ರಿ ಏರಿಳಿತಕ್ಕೆ ಎರಡೂವರೆ ಮಿಲಿಮೀಟರಿನಷ್ಟು. ಹಾಗಾಗಿ ಸುತ್ತಲೂ ಸಂದು ಬಿಟ್ಟು ಹಿಗ್ಗಿ ಕುಗ್ಗುವ ಸೀಲಂಟಿನಿಂದ ತುಂಬಬೇಕು. ಬಿಳಿ ಸಿಮೆಂಟಿನಿಂದ ಬಿಗಿಯಾಗಿ ತುಂಬಿದರೆ ಮೊದಲ ಬೇಸಿಗೆಯಲ್ಲೇ ಬಿರುಕು ಬಿಟ್ಟು, ಮೊದಲ ಮಳೆಗೆ ಸೋರುತ್ತದೆ. ಸೀಲಂಟಿನಲ್ಲೂ ವಿನೆಗರ್ ವಾಸನೆ ಹೊಡೆಯುವ ಅಗ್ಗದ ಸಿಲಿಕೋನ್ ಗಾರೆಗೆ ಸರಿಯಾಗಿ ಅಂಟುವುದಿಲ್ಲ. ಗಾರೆಗೆ ಹೊಂದುವ ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಬೇಕು, ಟ್ಯೂಬಿನ ಮೇಲೆ ಬರೆದಿರುತ್ತದೆ. ರಸಮಟ್ಟ ಇಟ್ಟು ನೋಡದೆ ಸ್ಕ್ರೂ ಬಿಗಿಯಲು ಬಿಡಬಾರದು. ಟ್ರ್ಯಾಕಿನ ಹೊರಬದಿಯಲ್ಲಿ ನೀರು ಹೋಗುವ ಕಿಂಡಿಗಳಿರುತ್ತವೆ, ಗಾರೆಯವರು ಅಂಚು ಚೊಕ್ಕಟ ಮಾಡುವ ಭರದಲ್ಲಿ ಅವನ್ನೇ ಮುಚ್ಚಿಬಿಡುವುದುಂಟು.

ಒಟ್ಟು ಖರ್ಚು ಹಂಚಿಹೋದ ರೀತಿ ಹೀಗೆ: ರಸ್ತೆ ಬದಿಯ ಮಲಗುವ ಕೋಣೆಗೆ ಹೆಸರಾಂತ ಕಂಪನಿಯ ಯುಪಿವಿಸಿ ಕೇಸ್‌ಮೆಂಟ್, ಲ್ಯಾಮಿನೇಟೆಡ್ ಗಾಜು, ಪಡುವಣ ಕೋಣೆಗಳಿಗೆ ಮೂರು ಟ್ರ್ಯಾಕಿನ ಅಲ್ಯೂಮಿನಿಯಂ, ಒಳ್ಳೆಯ ರೋಲರು, ಹೊರಗೆ ಬಿದಿರಿನ ಪರದೆ, ಹಜಾರಕ್ಕೆ ದುರಸ್ತಿಯಾದ ತೇಗ, ಅಡುಗೆಮನೆಗೂ ಹಿಂಬದಿಗೂ ಸಾದಾ ಅಲ್ಯೂಮಿನಿಯಂ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹ ಕಾಣುವುದಿಲ್ಲ, ಬಂದವರು ಅದನ್ನು ಎತ್ತಿ ಆಡಿದ್ದೂ ಇದೆ. ಬಣ್ಣವನ್ನಾದರೂ ಹೊಂದಿಸೋಣವೆಂದು ಅಲ್ಯೂಮಿನಿಯಂಗೆ ಕಂದು ಪೌಡರ್ ಕೋಟಿಂಗ್ ಮಾಡಿಸಿದ್ದೇವೆ. ಒಬ್ಬರೇ ಗುತ್ತಿಗೆದಾರರಿಗೆ ಬದಲಾಗಿ ಮೂವರೊಂದಿಗೆ ವ್ಯವಹರಿಸಬೇಕಾದ ತಾಪತ್ರಯ ಇದ್ದದ್ದೇ, ಸಣ್ಣ ಕೆಲಸವೆಂದು ಕಂಪನಿಯವರು ರಿಯಾಯಿತಿಯನ್ನೂ ಕೊಡಲಿಲ್ಲ. ಸಣ್ಣ ಕಿಟಕಿಗೂ ಕನಿಷ್ಠ ಇಷ್ಟು ಚದರಡಿ ಎಂದು ದರ ಕಟ್ಟುವ ಪದ್ಧತಿಯೂ ಕೆಲವರಲ್ಲಿದೆ, ಬಚ್ಚಲುಮನೆಯ ಗವಾಕ್ಷಿಗಳನ್ನು ಪಟ್ಟಿಗೆ ಸೇರಿಸುವ ಮುನ್ನ ಅದನ್ನು ಕೇಳಿಕೊಳ್ಳುವುದು ಒಳಿತು.

ಹಣ ಕೊಡುವ ಕ್ರಮವನ್ನು ಮೊದಲೇ ಬರಹದಲ್ಲಿ ಮಾಡಿಕೊಳ್ಳಬೇಕು. ಮುಂಗಡ ಅರ್ಧ, ಸಾಮಾನು ಮನೆಗೆ ಬಂದಾಗ ಉಳಿದದ್ದೆಲ್ಲ ಎಂದು ಕೇಳುವುದು ರೂಢಿ. ನಾವು ಹದಿನೈದು ಶೇಕಡಾ ಹಣವನ್ನು ಕೂರಿಸಿದ ಮೇಲಿನ ನೀರಿನ ಪರೀಕ್ಷೆಗೆ ಹಿಡಿದಿಟ್ಟೆವು: ಗಿಡಗಳಿಗೆ ನೀರು ಬಿಡುವ ಪೈಪನ್ನು ಹೊರಗಿನಿಂದ ಕಿಟಕಿಯ ಮೇಲಂಚಿಗೆ ಹತ್ತು ನಿಮಿಷ ಹಿಡಿಯುವುದು, ಒಳಗೊಬ್ಬರು ಚೌಕಟ್ಟಿನ ಸುತ್ತ ಒಣ ಕಾಗದ ಒತ್ತಿ ನೋಡುವುದು. ಪಡುವಣ ಕಿಟಕಿಯೊಂದರ ಕೆಳಮೂಲೆಯಲ್ಲಿ ಕಾಗದ ಒದ್ದೆಯಾಯಿತು. ಮುಚ್ಚಿಹೋಗಿದ್ದ ನೀರುಕಿಂಡಿಯನ್ನು ಮೊಳೆಯಿಂದ ಬಿಡಿಸಿ, ಆ ಮೂಲೆಯ ಸೀಲಂಟನ್ನು ಕೆರೆದು ಮತ್ತೆ ಹಚ್ಚಿ, ಒಣಗಲು ಒಂದು ದಿನ ಬಿಟ್ಟು ಇನ್ನೊಮ್ಮೆ ನೀರು ಹಿಡಿದ ಮೇಲೆ ಅವರ ಬಾಕಿ ಹಣ ಕೊಟ್ಟೆವು.